ಗಿರಿಶಿಖರಕ್ಕೆ ಮೋಟಾರೇತಕ್ಕೆ?

ಬೆಟ್ಟಗಳನ್ನು ಜನರ ಸಮೀಪಕ್ಕೆ ತರಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಮಲೆನಾಡಿನ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಮಾತು ಕಿವಿಗೆ ಇಂಪಾಗಿದೆ. ಅದರಲ್ಲಿ ಪರೋಪಕಾರದ ಧ್ವನಿಯೂ ಉಂಟು. ಆದರೆ ಬೆಟ್ಟವು ತನ್ನ ಎಡೆಯನ್ನು ಬಿಟ್ಟು ಯಾರ ಬಳಿಗೂ ಬರತಕ್ಕದ್ದಲ್ಲ. ಆ ಮಾತನ್ನಾಡುವವರು ಕೇಳುತ್ತಿರುವುದು ಶಿಖರದವರೆಗೆ ರಸ್ತೆ, ರಸ್ತೆಯ ತುದಿಯಲ್ಲಿ ಗಾಡಿಗಳು ನಿಲ್ಲಲು ಬಯಲು, ಬಯಲಿನ ಅಂಚಿಗೆ ಅಂಗಡಿಗಳ ಸಾಲು, ಇಷ್ಟೂ ಸಾಲದೆ ಹೋದರೆ ಆಕಾಶದಲ್ಲಿ ತೂಗುವ ಹಗ್ಗದ ದಾರಿ. ಇವುಗಳನ್ನು ಒದಗಿಸಿಬಿಟ್ಟರೆ ಜನರು ಬೆಟ್ಟವನ್ನು ಕಂಡಂತಾಯಿತೆಂದು ಅವರ ಎಣಿಕೆ. ಈ ಎಣಿಕೆ ತಪ್ಪೆಂದೂ, ಬೆಟ್ಟಘಟ್ಟಗಳನ್ನು ಮನುಷ್ಯನು ತನ್ನ ಮೈಯ ಬಲದಿಂದಲೇ, ಎಂದರೆ ಕಾಲ್ನಡಿಗೆಯಿಂದಲೋ ಬೈಸಿಕಲ್ಲಿನಿಂದಲೋ ಏರತಕ್ಕದ್ದೆಂದೂ, ಶಿಖರಗಳ ಕೊನೆಯ ಮೈಲಿಗಳು ಮೋಟಾರಿಗೆ ಮುಚ್ಚಿರಬೇಕೆಂದೂ ಈ ಲೇಖನದಲ್ಲಿ ವಾದಿಸುತ್ತೇವೆ. ವಾದವು ಕೆಲವರಿಗೆ ಕಹಿಯಾದೀತು. ಆದರೂ ಔಷಧದ ಗುಣವನ್ನು ನಾಲಗೆಯಿಂದ ನಿರ್ಣಯಿಸುವುದು ವೈದ್ಯರ ಪದ್ಧತಿಯಲ್ಲ.

ಚಿಕ್ಕಮಗಳೂರು ಜಿಲ್ಲೆಯವರಾದ ನಮಗೆ ಉದಾಹರಣೆಗಾಗಿ ದೂರ ಅಲೆಯಬೇಕಾದುದಿಲ್ಲ. ಸುಮಾರು ೧,೯೩೦ ಮೀಟರು ಎತ್ತರವುಳ್ಳ ಮುಳ್ಳಯ್ಯನಗಿರಿಯು ಕರ್ನಾಟಕದ ಶಿಖರಗಳಲ್ಲೆಲ್ಲ ಎತ್ತರವಾದುದು. ಅದನ್ನು ಏರುವುದಕ್ಕೆ ಸರ್ಪದಾರಿಯೆಂಬ ಹಳೆಯ ಕಾಲುದಾರಿಯೊಂದುಂಟು. ಹೆಸರಿಗೆ ತಕ್ಕಂತೆ ಅದು ಹುಲ್ಲು ಹೊದೆದ ಏಣುಗಳ ಮೇಲೆ ಹೊರಳಿ ಹೊರಳಿ ಶಿಖರದ ಗುಡಿಯನ್ನು ಸೇರುತ್ತದೆ. ಸೀತಾಳಯ್ಯನಗಿರಿಯ ಮಾರ್ಗವಾಗಿ ಹೋಗುವ ಮೋಟಾರು ರಸ್ತೆಯು ಶಿಖರದ ಕೊರಳಿನವರೆಗೆ ಹತ್ತುತ್ತದೆ. ಅಲ್ಲಿಂದ ಮೇಲಕ್ಕೆ ಮೆಟ್ಟಿಲುಗಳು ಮಾತ್ರ. ರಜೆಯ ದಿನಗಳಲ್ಲಿ ಆ ಕಿರುದಾರಿಯಲ್ಲಿ ಗಾಡಿಯ ಹಿಂದೆ ಗಾಡಿ ನಿಂತು, ಮೇಲೆ ಹೋಗಲಾರದೆ ಕೆಳಗೆ ಇಳಿಯಲಾರದೆ, ಕೊಂಬುಗಳನ್ನು ಊದುತ್ತ ಕಾಯುವ ನೋಟವನ್ನು ಕಾಣದವರು ನಮ್ಮ ಊರಿನಲ್ಲಿ ವಿರಳ. ಕೊನೆಗೂ ಮೇಲೆ ತಲುಪಿದವರು ಎಷ್ಟು ಹೊತ್ತು ನಿಲ್ಲುತ್ತಾರೆ? ಒಂದಿಷ್ಟು ಗಾಳಿ ಕುಡಿದು, ಛಾಯಾಚಿತ್ರಗಳನ್ನು ತೆಗೆದುಕೊಂಡು, ಮಂಜು ಕವಿದಿದ್ದರೆ ಏನೂ ಕಾಣಲಿಲ್ಲವೆಂದು ಗೊಣಗಿ ಇಳಿಯುತ್ತಾರೆ. ಸರ್ಪದಾರಿಯಲ್ಲಿ ಬಂದವನಿಗೂ ಅದೇ ಮಂಜು ಕವಿದೀತು. ಆದರೆ ಅವನು ಏನೂ ಕಾಣಲಿಲ್ಲವೆಂದು ಹೇಳಲಾರನು. ಏತಕ್ಕೆಂದರೆ ಅವನು ಕಾಣಬೇಕಾದುದರಲ್ಲಿ ಮುಕ್ಕಾಲು ಪಾಲನ್ನು ದಾರಿಯಲ್ಲಿಯೇ ಕಂಡಿರುತ್ತಾನೆ.

ಇಲ್ಲಿಯವರೆಗೆ ಹೇಳಿದುದು ಅಭಿರುಚಿಯ ಮಾತೆಂದು ಯಾರಾದರೂ ತಳ್ಳಿಹಾಕಬಹುದು. ಆದಕಾರಣ ನ್ಯಾಯದ ಮಾತಿಗೆ ಬರೋಣ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯವನ್ನು ಪ್ರವೇಶಿಸಬೇಕಾದವನು ಅಪ್ಪಣೆಯ ಚೀಟಿಯನ್ನು ಪಡೆಯಬೇಕು. ಆದರೆ ಅದೇ ಕಾಯಿದೆಯು, ಅರಣ್ಯದ ನಡುವಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನಿಗೆ ಆ ನಿರ್ಬಂಧದಿಂದ ವಿನಾಯಿತಿಯನ್ನು ಕೊಟ್ಟಿದೆ. ಕುದುರೆಮುಖದ ರಾಷ್ಟ್ರೀಯ ಉದ್ಯಾನದ ಮಧ್ಯದಲ್ಲಿ ಹಾದುಹೋಗುವ ರಸ್ತೆಯಲ್ಲಿ ಹೊಗೆಯನ್ನು ಉಗುಳುತ್ತ ಸದ್ದು ಮಾಡುತ್ತ ಲಾರಿಗಳೂ ಕಾರುಗಳೂ ಓಡಾಡುತ್ತವೆ. ಅವುಗಳಲ್ಲಿ ಕುಳಿತವರು ಚೀಟಿಯ ಚಿಂತೆಯನ್ನು ಮಾಡಬೇಕಾಗಿಲ್ಲ. ಅದೇ ಉದ್ಯಾನದ ಶಿಖರಕ್ಕೆ ಬುತ್ತಿಯ ಗಂಟನ್ನು ಕಟ್ಟಿಕೊಂಡು ಸದ್ದಿಲ್ಲದೆ ನಡೆದು ಹೋಗುವವನು ದಿನಗಳ ಮುಂಚೆ ಹಣ ಕಟ್ಟಿ, ಹೆಸರು ಬರೆಸಿ, ಸರದಿಗಾಗಿ ಕಾಯಬೇಕು. ಊರಿಂದೂರಿಗೆ ಹೋಗುವವರ ದಾರಿಯನ್ನು ಕಾಯಿದೆಯು ತಡೆಯಬಾರದೆಂಬುದನ್ನು ನಾವು ಬಲ್ಲೆವು. ಆದರೆ ಫಲಿತಾಂಶವನ್ನು ನೋಡಿರಿ: ಹೆಚ್ಚು ಸದ್ದು ಮಾಡುವವನು ಸ್ವತಂತ್ರನು, ಕಡಿಮೆ ಸದ್ದು ಮಾಡುವವನು ಅರ್ಜಿದಾರನು!

೨೦೨೪ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ನಡೆದ ಸಂಗತಿಯು ವಾಚಕರಿಗೆ ನೆನಪಿರಬಹುದು. ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ಆ ಬೆಟ್ಟಕ್ಕೆ ಮುತ್ತಿಗೆ ಹಾಕಿದರು. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತ ಆ ಸಾಲಿನ ಚಿತ್ರಗಳು ನಾಡಿನಲ್ಲೆಲ್ಲ ಹರಿದಾಡಿದುವು. ಸರ್ಕಾರದವರು ಎಚ್ಚೆತ್ತರು. ಎಚ್ಚೆತ್ತವರು ಮೊದಲು ಮಾಡಿದ ಕೆಲಸವೆಂದರೆ, ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣದ ದಾರಿಗಳನ್ನೆಲ್ಲ ತಾತ್ಕಾಲಿಕವಾಗಿ ನಿಲ್ಲಿಸಿದುದು. ಆಮೇಲೆ ಅದೇ ವರ್ಷ ಗಣಕಯಂತ್ರದ ಮೂಲಕ ನೋಂದಣಿಯೂ, ದಾರಿಯೊಂದಕ್ಕೆ ದಿನಕ್ಕೆ ೩೦೦ ಮಂದಿಯೆಂಬ ಮಿತಿಯೂ ಬಂದುವು. ಮಿತಿಯನ್ನು ನಾವು ಆಕ್ಷೇಪಿಸುವುದಿಲ್ಲ, ಅದು ಬೇಕಾದುದೇ. ಮುಳ್ಳಯ್ಯನಗಿರಿಯ ಗಾಡಿಗಳಿಗೂ ೨೦೨೫ರಲ್ಲಿ ನೋಂದಣಿಯ ಕಟ್ಟಳೆ ಬಂದಿತೆಂಬುದನ್ನೂ ಒಪ್ಪುತ್ತೇವೆ. ಆದರೆ ಎರಡು ಕಟ್ಟಳೆಗಳ ಅಳತೆಗೋಲನ್ನು ಹೋಲಿಸಿ ನೋಡಬೇಕು. ನಡೆಯುವವರನ್ನು ಎಣಿಸುವಾಗ ತಲೆಗಳ ಲೆಕ್ಕ. ಮೋಟಾರಿನವರನ್ನು ಎಣಿಸುವಾಗ ಗಾಡಿಗಳ ಲೆಕ್ಕ. ಒಂದು ಗಾಡಿಯೊಳಗೆ ಐದು ತಲೆಗಳೂ ಇರಬಹುದು, ಹನ್ನೆರಡೂ ಇರಬಹುದು. ಅವುಗಳ ಜೊತೆಗೆ ಟನ್ನು ಭಾರದ ಕಬ್ಬಿಣವೂ ಇರುತ್ತದೆ. ಬೆಟ್ಟದ ಮೇಲೆ ಬೀಳುವ ಹೊರೆಯನ್ನು ಅಳೆಯುವುದೇ ಉದ್ದೇಶವಾಗಿದ್ದರೆ ಈ ಲೆಕ್ಕವು ತಲೆಕೆಳಗಾದ ಲೆಕ್ಕವೆಂದು ಹೇಳದೆ ಗತಿಯಿಲ್ಲ.

ಇನ್ನು, ನಡೆದು ಏರುವುದರಿಂದ ಬರುವ ಲಾಭವೇನೆಂಬ ಪ್ರಶ್ನೆ. ಕುಕ್ಕೆ ಸುಬ್ರಹ್ಮಣ್ಯದಿಂದ ೧,೭೧೨ ಮೀಟರು ಎತ್ತರದ ಕುಮಾರಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರು. ಬುಡದಲ್ಲಿ ಅಡಕೆ ತೆಂಗುಗಳ ಸೆಕೆಯ ನಾಡು. ಅದನ್ನು ಬಿಟ್ಟೊಡನೆ ಬಿಸಿಲು ನೆಲ ಮುಟ್ಟದ ದಟ್ಟ ಕಾಡು. ಬೇರುಗಳೇ ಮೆಟ್ಟಿಲಾಗಿರುವ ದಾರಿ. ಗಿರಿಗದ್ದೆಯ ಹತ್ತಿರ ಕಾಡು ಸರಿದು ಬಾನು ತೆರೆಯುತ್ತದೆ. ಕಲ್ಲುಮಂಟಪವನ್ನು ದಾಟಿ ಶೇಷಪರ್ವತದ ಹುಲ್ಲಿನ ಏಣನ್ನು ಹಿಡಿದರೆ ಎರಡು ಕಡೆಗೂ ಕಣಿವೆ. ಅಲ್ಲಿಂದ ಇಳಿದು ಮಡಿಲಿನ ಶೋಲೆಯ ಕಾಡನ್ನು ಹೊಕ್ಕು ಮತ್ತೆ ಬಂಡೆಯನ್ನು ಏರಿದ ಮೇಲೆ ತುದಿ. ಎತ್ತರವು ಸಾವಿರ ಮೀಟರು ಹೆಚ್ಚಿದಂತೆಲ್ಲ ಗಾಳಿಯು ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆಂದು ಭೂಗೋಳದ ಪುಸ್ತಕದಲ್ಲಿ ಹುಡುಗರು ಬಾಯಿಪಾಠ ಮಾಡುತ್ತಾರೆ. ಈ ದಾರಿಯಲ್ಲಿ ನಡೆದವನ ಬೆವರು ಆ ಪಾಠವನ್ನು ತಾನೇ ಕಲಿಯುತ್ತದೆ. ಗಿಡ ಗಿಡ್ಡವಾಗುವುದು, ಎಲೆ ದಪ್ಪವಾಗುವುದು, ಹಕ್ಕಿಯ ಕೂಗು ಬೇರೆಯಾಗುವುದು, ಹಳ್ಳವು ಎಳೆಯಾಗಿ ಕೊನೆಗೆ ಒಸರಾಗಿ ಮುಗಿಯುವುದು, ಇವುಗಳ ನಡುವಣ ಸಂಬಂಧವನ್ನು ಗಂಟೆಗೆ ಎರಡು ಕಿಲೋಮೀಟರು ವೇಗದಲ್ಲಿ ಹೋಗುವವನು ಮಾತ್ರ ಹಿಡಿಯಬಲ್ಲನು. ನಲವತ್ತರ ವೇಗದಲ್ಲಿ ಹೋಗುವವನಿಗೆ ಅವೆಲ್ಲ ಕಲಸಿದ ಹಸುರಾಗಿ ಕಾಣುತ್ತವೆ.

ಈ ಜ್ಞಾನವು ವಿನೋದಕ್ಕಾಗಿ ಗಳಿಸತಕ್ಕ ಜ್ಞಾನವೆಂದು ಭಾವಿಸಬಾರದು. ದಕ್ಷಿಣಭಾರತದ ಅಗಲವೆಷ್ಟೆಂಬುದು ನಮಗೆ ತಿಳಿದುದೇ ಬೆಟ್ಟವನ್ನು ನಡೆದೇರಿದವರಿಂದ. ೧೮೦೨ರಲ್ಲಿ ಮದ್ರಾಸಿನಲ್ಲಿ ಮೂಲರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮೈಸೂರು ಸೀಮೆಯನ್ನು ಹಾಯ್ದು ಪಶ್ಚಿಮ ಸಮುದ್ರದವರೆಗೆ ತ್ರಿಕೋನಗಳ ಸರಪಣಿಯನ್ನು ಹೆಣೆದನು. ಅರ್ಧ ಟನ್ನು ತೂಗುವ ಥಿಯೊಡೊಲೈಟ್ ಯಂತ್ರವನ್ನು ಕೂಲಿಯವರು ಹೆಗಲ ಮೇಲೆ ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಸಾಗಿಸಿದರು. ಆ ಅಳತೆ ಮುಗಿದಾಗ, ಹಿಂದಿನ ನಕ್ಷೆಗಳಲ್ಲಿ ೪೦೦ ಮೈಲಿಯೆಂದು ತೋರಿಸಿದ್ದ ಪರ್ಯಾಯದ್ವೀಪವು ನಿಜವಾಗಿ ೩೬೦ ಮೈಲಿ ಮಾತ್ರ ಇದೆಯೆಂದು ಕಂಡುಬಂದಿತು. ನಲವತ್ತು ಮೈಲಿಯ ಸುಳ್ಳನ್ನು ಅಳಿಸಿದ ಆ ಹೊರೆಯಾಳುಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅದಕ್ಕೂ ಹಿಂದಿನ ಮಾತನ್ನು ಹೇಳುವುದಾದರೆ, ನಮ್ಮ ಜಿಲ್ಲೆಯ ಬಾಳಿಗೆ ಆಧಾರವಾದ ಕಾಫಿಯನ್ನು ಯಾತ್ರಿಕರಾದ ಬಾಬಾಬುಡನ್ ಅವರು ಏಳು ಬೀಜಗಳ ರೂಪದಲ್ಲಿ ಅರಬರ ನಾಡಿನಿಂದ ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಐತಿಹ್ಯ. ಐತಿಹ್ಯವು ಎಷ್ಟು ನಿಜವೋ ಹೇಗೋ, ನಾಡಿನ ಜನ ತಮ್ಮ ಐಶ್ವರ್ಯದ ಮೂಲವನ್ನು ಒಬ್ಬ ಯಾತ್ರಿಕನಲ್ಲಿ ಕಂಡರೆಂಬುದು ಅರ್ಥವಿಲ್ಲದ ಸಂಗತಿಯಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ನುಡಿಯ ಮಾತನ್ನೂ ಎತ್ತಬೇಕಾಗಿದೆ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ನಾವು ಈಗಲೂ ಹೇಳುತ್ತೇವೆ. ಆ ಮಾತು ಹುಟ್ಟಿದುದು ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ಮೇಲಕ್ಕೂ, ಅಕ್ಕಿ, ಮೆಣಸು, ಏಲಕ್ಕಿಗಳನ್ನು ಕೆಳಕ್ಕೂ ಹೊತ್ತ ಹೇರೆತ್ತುಗಳ ಜಾಡಿನಲ್ಲಿ. ಆ ಜಾಡಿನವರಿಗೆ ಬೆಟ್ಟವೆಂಬುದು ಒಂದೇ ವಸ್ತುವಾಗಿರಲಿಲ್ಲ. ಗುಡ್ಡ ಬೇರೆ, ಕೋಡು ಬೇರೆ, ಏಣು ಬೇರೆ. ಎರಡು ಬೆಟ್ಟಗಳ ನಡುವೆ ದಾಟುವುದಕ್ಕೆ ಎಡೆಯಿದ್ದರೆ ಅದು ಕಂಡಿ. ದಟ್ಟವಾದ ಕಾಡು ಕಾನು, ಹುಲ್ಲು ಬೆಳೆಯುವ ಎಡೆ ಬ್ಯಾಣ. ನೀರು ಬೀಳುವ ಎಡೆ ಅಬ್ಬಿ. ಕಡಿದು ನಿಂತ ಮಣ್ಣಿನ ಗೋಡೆ ದರೆ. ಈ ಪದಗಳಲ್ಲಿ ಒಂದೊಂದೂ ನಡೆಯುವವನಿಗೆ ಎಚ್ಚರಿಕೆ, ಇಲ್ಲವೆ ಭರವಸೆ. ಎಲ್ಲಿ ಕುಳಿತುಕೊಳ್ಳಬಹುದು, ಎಲ್ಲಿ ನೀರು ಸಿಕ್ಕುತ್ತದೆ, ಎಲ್ಲಿ ಜಾರುತ್ತದೆಂಬುದನ್ನು ಅವು ತಿಳಿಸುತ್ತವೆ. ಮೋಟಾರಿನ ಗಾಜಿನ ಹಿಂದೆ ಕುಳಿತವನಿಗೆ ಇವುಗಳಲ್ಲಿ ಯಾವುದೂ ಬೇಕಾಗದು. ಅವನಿಗೆ ಎರಡೇ ಪದಗಳು ಸಾಕು: ತಿರುವು ಮತ್ತು ನೋಟದ ತಾಣ. ಪದವು ಬೇಡವಾದ ನಾಡಿನಲ್ಲಿ ಪದವು ಉಳಿಯದು. ನಮ್ಮ ಲೇಖಕರು ಸಹ್ಯಾದ್ರಿಯ ಸೌಂದರ್ಯವನ್ನು ಕುರಿತು ಬರೆಯುವಾಗ ರಮಣೀಯ, ಮನೋಹರ, ಕಣ್ಮನ ತಣಿಸುವ ಎಂಬ ಮೂರು ವಿಶೇಷಣಗಳನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತಿರುವುದಕ್ಕೆ ಕಾರಣವನ್ನು ಅವರ ಪ್ರತಿಭೆಯಲ್ಲಿ ಹುಡುಕಬೇಕಾದುದಿಲ್ಲ; ಅವರ ಪಾದರಕ್ಷೆಗಳನ್ನು ನೋಡಿದರೆ ಸಾಕು.

ಬೈಸಿಕಲ್ಲಿನ ವಿಷಯವಾಗಿಯೂ ಎರಡು ಮಾತು. ಅದು ಯಂತ್ರವಾದರೂ ತಾನಾಗಿ ಚಲಿಸುವ ಯಂತ್ರವಲ್ಲ. ಏರುವವನ ಉಸಿರಿಗೆ ಅಧೀನವಾದುದು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಘಟ್ಟ. ಸುಮಾರು ೫೫೦ ಮೀಟರು ಏರು. ಸವಾರನೂ ಬೈಸಿಕಲ್ಲೂ ಸೇರಿ ೮೦ ಕಿಲೋಗ್ರಾಮು ಎಂದಿಟ್ಟುಕೊಂಡರೆ, ಆ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಕೆಲಸವು ಸುಮಾರು ನೂರು ಕಿಲೋಕ್ಯಾಲೊರಿಯಷ್ಟು. ನಮ್ಮ ಮೈಯು ಉಂಡ ಅನ್ನದಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಇಂಥ ಕೆಲಸಕ್ಕೆ ತಿರುಗಿಸಬಲ್ಲದು. ಆದಕಾರಣ ನಾನೂರು ಕಿಲೋಕ್ಯಾಲೊರಿಯ ಊಟ ಬೇಕು. ಎಂದರೆ ಎರಡು ರಾಗಿ ಮುದ್ದೆಗಳಿಂದ ಆಗುಂಬೆಯ ಘಟ್ಟವನ್ನು ಏರಬಹುದು! ಅದೇ ಮನುಷ್ಯನು ಒಂದು ಟನ್ನು ತೂಗುವ ಮೋಟಾರಿನಲ್ಲಿ ಒಬ್ಬನೇ ಕುಳಿತು ಏರಿದರೆ, ಅವನ ಜೊತೆಗೆ ಅವನ ಹದಿಮೂರು ಹದಿನಾಲ್ಕರಷ್ಟು ಭಾರವನ್ನು ಸುಮ್ಮನೆ ಎತ್ತಿ ಸುಮ್ಮನೆ ಇಳಿಸಬೇಕು. ಬೈಸಿಕಲ್ಲಿನವನು ಪ್ರತಿ ತಿರುವಿನಲ್ಲಿಯೂ ಇಳಿಜಾರಿನ ಅಳತೆಯನ್ನು ತೊಡೆಯಲ್ಲಿ ಅರಿಯುತ್ತಾನೆ, ಬೇಕಾದಲ್ಲಿ ನಿಲ್ಲುತ್ತಾನೆ, ನಿಂತಾಗ ಯಾರ ದಾರಿಗೂ ಅಡ್ಡಿಯಾಗುವುದಿಲ್ಲ. ಇಂಥವನಿಗೆ ಇಂದು ಘಟ್ಟದ ರಸ್ತೆಯಲ್ಲಿ ಎಡೆಯಿಲ್ಲ. ಅಗಲ ಮಾಡಿದ ರಸ್ತೆಯು ವೇಗವನ್ನು ಹೆಚ್ಚಿಸಿತೇ ಹೊರತು ಅವನಿಗೆಂದು ಒಂದು ಗೇಣನ್ನೂ ಬಿಡಲಿಲ್ಲ.

ರಸ್ತೆಯ ಅಗಲವೆಂದೊಡನೆ ಮಣ್ಣಿನ ಮಾತು ಬರುತ್ತದೆ. ನಮ್ಮ ಘಟ್ಟದ ಇಳಿಜಾರುಗಳಲ್ಲಿ ಕಲ್ಲಿನ ಮೇಲೆ ಕೊಳೆತ ಕಲ್ಲಿನ ಮಣ್ಣಿನ ದಪ್ಪ ಹೊದಿಕೆಯುಂಟು. ಅದನ್ನು ಹಿಡಿದಿರುವುದು ಮರದ ಬೇರು, ಹುಲ್ಲಿನ ಬೇರು ಮತ್ತು ಕೆಳಗಿನಿಂದ ಒತ್ತಿ ನಿಂತ ಮಣ್ಣಿನ ಪಾದ. ರಸ್ತೆಗಾಗಿ ಆ ಪಾದವನ್ನು ಕಡಿದು ನೇರವಾದ ದರೆಯನ್ನು ನಿಲ್ಲಿಸಿದರೆ ಮೇಲಿನ ಹೊದಿಕೆಗೆ ಊರುಗೋಲು ತಪ್ಪಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ನೀರು ಒಳಗಿಳಿದು ಮಣ್ಣಿನ ತೂಕವನ್ನು ಹೆಚ್ಚಿಸಿ ಹಿಡಿತವನ್ನು ಸಡಿಲಿಸಿದ ಮೇಲೆ ದರೆಯು ಏನು ಮಾಡೀತು? ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿ ಸಂಪಾಜೆಯ ದಾರಿ ಕಡಿಯಿತು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. ೨೦೨೪ರ ಜುಲೈಯಲ್ಲಿ ಶಿರಾಡಿಯ ಸರದಿ. ಇವು ಊರುಗಳನ್ನು ಬೆಸೆಯುವ ಹೆದ್ದಾರಿಗಳು. ಇವುಗಳಿಲ್ಲದೆ ಬಾಳು ಸಾಗದು. ಆದಕಾರಣ ಅವುಗಳ ಅಪಾಯವನ್ನು ಸಹಿಸಿಕೊಂಡು ಜಾಗರೂಕತೆಯಿಂದ ಕಾಪಾಡಿಕೊಳ್ಳಬೇಕು. ಆದರೆ ಯಾವ ಊರಿಗೂ ಹೋಗದ, ನೋಟವೊಂದರಲ್ಲಿ ಮುಗಿದುಹೋಗುವ ಶಿಖರದ ರಸ್ತೆಗಾಗಿ ಅದೇ ಅಪಾಯವನ್ನು ಏತಕ್ಕೆ ಕೊಂಡುಕೊಳ್ಳಬೇಕು? ಶಿಖರದ ಹುಲ್ಲುಗಾವಲಂತೂ ಮಳೆಯನ್ನು ಹೀರಿ ಹೊಳೆಗಳಿಗೆ ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವ ಒದ್ದೆ ಬಟ್ಟೆಯಂತಿರುವುದು. ಚಕ್ರದ ಜಾಡು ಬಿದ್ದ ಎಡೆಯಲ್ಲಿ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಮುಂದಿನ ಮಳೆಗೆ ಆ ಜಾಡೇ ಕಾಲುವೆ, ಅದರ ಮುಂದಿನ ಮಳೆಗೆ ಕೊರಕಲು.

ಕುದುರೆಮುಖದ ಚರಿತ್ರೆಯು ನಮಗೆ ಪಾಠವಾಗಬೇಕಾಗಿತ್ತು. ತುಂಗಭದ್ರೆಯರ ಮೂಲವಾದ ಗಂಗಾಮೂಲದ ನೆರೆಯಲ್ಲಿ ಕಬ್ಬಿಣದ ಅದುರಿಗಾಗಿ ಬೆಟ್ಟವನ್ನೇ ಅಗೆದರು. ೧೯೮೭ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಅಗೆತವು ನಿಲ್ಲಲಿಲ್ಲ. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟು, ೨೦೦೫ರ ಕೊನೆಗೆ ಗಣಿಯು ನಿಂತಿತು. ಆ ಬೆಟ್ಟಕ್ಕಾಗಿ ದನಿಯೆತ್ತಿದವರ ವಾದಕ್ಕೆ ಬಲವಿದ್ದುದು ಅಲ್ಲಿನ ಕಾನನ್ನೂ ಹಳ್ಳವನ್ನೂ ಹೆಸರು ಹಿಡಿದು ಹೇಳಬಲ್ಲ ತಿಳಿವಳಿಕೆಯಿಂದ. ತಾನು ನಡೆದ ಬೆಟ್ಟವನ್ನು ಮನುಷ್ಯನು ಮಾರಲು ಬಿಡನು. ಕಿಟಕಿಯಿಂದ ಕಂಡ ಬೆಟ್ಟದ ಬದಲಿಗೆ ಇನ್ನೊಂದು ಕಿಟಕಿಯನ್ನು ಕೊಟ್ಟರೆ ಅವನಿಗೆ ಸಮಾಧಾನವಾಗಬಹುದು.

ಈಗ ಎದುರುವಾದಿಗಳ ಆಕ್ಷೇಪಣೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದಾಗಿ, ವೃದ್ಧರೂ ಅಶಕ್ತರೂ ಏನು ಮಾಡಬೇಕೆಂದು ಕೇಳುತ್ತಾರೆ. ಪ್ರಶ್ನೆಯು ಗೌರವಕ್ಕೆ ಅರ್ಹವಾದುದು. ಆದರೆ ಮುಳ್ಳಯ್ಯನಗಿರಿಯ ಗಾಡಿಗಳ ಸಾಲಿನಲ್ಲಿ ವೃದ್ಧರೆಷ್ಟು, ಇಪ್ಪತ್ತೈದರ ಪ್ರಾಯದ ದೃಢಕಾಯರೆಷ್ಟು ಎಂಬುದನ್ನು ಯಾರು ಬೇಕಾದರೂ ಒಂದು ಭಾನುವಾರ ನಿಂತು ಎಣಿಸಬಹುದು. ಅಜ್ಜಿಯ ಹೆಸರಿನಲ್ಲಿ ರಸ್ತೆಯನ್ನು ಕೇಳಿ ಮೊಮ್ಮಗನು ಅದರಲ್ಲಿ ಓಡಾಡುತ್ತಿದ್ದಾನೆ. ನಮ್ಮ ಹಿರಿಯರು ಅಶಕ್ತರನ್ನು ಮರೆತವರಲ್ಲ. ಶ್ರವಣಬೆಳಗೊಳದಲ್ಲಿ ಬಂಡೆಯಲ್ಲಿಯೇ ಮೆಟ್ಟಿಲು ಕಡೆದರು. ಹತ್ತಲಾರದವರಿಗೆ ಡೋಲಿಯನ್ನು ಇಟ್ಟರು. ಮೈಸೂರಿನ ಚಾಮುಂಡಿಬೆಟ್ಟಕ್ಕೆ ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದರು. ಮೋಟಾರು ರಸ್ತೆ ಬಂದ ಮೇಲೂ ಆ ಮೆಟ್ಟಿಲುಗಳನ್ನು ಅರಸಿನ ಕುಂಕುಮ ಹಚ್ಚುತ್ತ ಏರುವ ಮುದುಕಿಯರನ್ನು ಈಗಲೂ ಕಾಣಬಹುದು. ನಿಜವಾಗಿ ನಡೆಯಲಾರದವರಿಗಾಗಿ ಗೊತ್ತಾದ ವೇಳೆಯಲ್ಲಿ ಸರ್ಕಾರದ ಒಂದೆರಡು ಚಿಕ್ಕ ಗಾಡಿಗಳು ಹೋಗಿಬರಲಿ. ಹತ್ತು ಮಂದಿಯ ಅನುಕೂಲಕ್ಕೆ ಅಷ್ಟು ಸಾಕು. ಅದನ್ನು ನೆಪ ಮಾಡಿ ಸಾವಿರ ಮಂದಿಗೆ ಬಾಗಿಲನ್ನು ತೆರೆಯಬೇಕಾದುದಿಲ್ಲ.

ಎರಡನೆಯದಾಗಿ, ಜೀಪು ನಡೆಸುವವರ ಹೊಟ್ಟೆಯ ಪಾಡೇನೆಂದು ಕೇಳುತ್ತಾರೆ. ೧,೩೪೩ ಮೀಟರು ಎತ್ತರದ ಕೊಡಚಾದ್ರಿಗೆ ಮೂಳೆ ಕುಲುಕುವ ಆ ದಾರಿಯಲ್ಲಿ ಜನರನ್ನು ಸಾಗಿಸುವ ಚಾಲಕರ ಶ್ರಮವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ಮೋಟಾರಿನವನು ಬೆಳಗ್ಗೆ ಬಂದು ಮಧ್ಯಾಹ್ನಕ್ಕೆ ಹೊರಡುತ್ತಾನೆ. ಅವನ ಹಣವು ಪೇಟೆಯ ಹೋಟೆಲಿಗೂ ಎಣ್ಣೆಯ ಬಂಕಿಗೂ ಸೇರುತ್ತದೆ. ನಡೆಯುವವನಿಗೆ ದಾರಿ ತೋರಿಸುವವನು ಬೇಕು, ರಾತ್ರಿ ತಂಗಲು ಮನೆ ಬೇಕು, ಎರಡು ಹೊತ್ತು ಬಿಸಿ ಊಟ ಬೇಕು. ಅವನು ಬೆಟ್ಟದ ಬುಡದ ಹಳ್ಳಿಯಲ್ಲಿಯೇ ಹಣವನ್ನು ಬಿಡುತ್ತಾನೆ. ಜೀಪು ಬುಡದವರೆಗೆ ಬರಲಿ. ಅಲ್ಲಿಂದ ಮುಂದೆ ಊರಿನ ಹುಡುಗರು ದಾರಿಕಾರರಾಗಲಿ. ಇದೇ ಕೊಡಚಾದ್ರಿಗೆ ಕೊಲ್ಲೂರಿನಿಂದ ಹಗ್ಗದ ದಾರಿಯನ್ನು ಕಟ್ಟಬೇಕೆಂಬ ಸೂಚನೆಯು ೨೦೨೨ರ ಕೇಂದ್ರದ ಆಯವ್ಯಯದಲ್ಲಿ ಸಾರಲ್ಪಟ್ಟ ಪರ್ವತಮಾಲೆಯ ಯೋಜನೆಯ ಕೆಳಗೆ ಬಂದಿದೆಯಲ್ಲ. ಅದು ಕೈಗೂಡಿದರೆ ಜೀಪಿನವರ ಗತಿಯೇನೆಂದು ಅದನ್ನು ಬಯಸುವವರು ಯೋಚಿಸಿದ್ದಾರೆಯೆ?

ಮೂರನೆಯದಾಗಿ, ನಡೆಯುವವರೂ ಬೆಟ್ಟವನ್ನು ಕೆಡಿಸುತ್ತಾರಲ್ಲ ಎನ್ನುತ್ತಾರೆ. ನಿಶ್ಚಯವಾಗಿಯೂ ಕೆಡಿಸುತ್ತಾರೆ. ಪಟ್ಟಣದಿಂದ ರಾತ್ರಿಯ ಬಸ್ಸಿನಲ್ಲಿ ಅರುವತ್ತು ಮಂದಿಯನ್ನು ತುಂಬಿ ತಂದು, ಮುಂಜಾವದ ಒಳಗೆ ಶಿಖರವನ್ನು ಮುಟ್ಟಿಸಿ, ಪ್ಲಾಸ್ಟಿಕ್ಕಿನ ಬಾಟಲಿಗಳನ್ನು ಶೋಲೆಯಲ್ಲಿ ಬಿಸಾಡಿ, ಹಾಡಿನ ಪೆಟ್ಟಿಗೆಯನ್ನು ಕಿರುಚಿಸುತ್ತ ಇಳಿಯುವ ವ್ಯಾಪಾರವನ್ನು ಕಾಲ್ನಡಿಗೆಯೆಂದು ಕರೆಯಲು ನಮ್ಮ ನಾಲಗೆ ಹಿಂಜರಿಯುತ್ತದೆ. ಅದು ಮೋಟಾರಿನ ಬುದ್ಧಿಯೇ. ಕಾಲು ಮಾತ್ರ ಬೇರೆ. ಅಂಥವರಿಗೆ ದಂಡವನ್ನು ವಿಧಿಸಲಿ, ಸಂಖ್ಯೆಯನ್ನು ಮಿತಗೊಳಿಸಲಿ, ತಂದ ಕಸವನ್ನು ಎಣಿಸಿ ಹಿಂದಕ್ಕೆ ತರಿಸಲಿ. ಇದರಲ್ಲಿ ನಮ್ಮ ಬೆಂಬಲವುಂಟು. ಆದರೆ ಒಬ್ಬನ ತಪ್ಪಿಗಾಗಿ ದಾರಿಯನ್ನೇ ಮುಚ್ಚುವುದು ಶಿಕ್ಷೆಯಲ್ಲ, ಸೋಮಾರಿತನ.

ನಾಲ್ಕನೆಯದಾಗಿ, ಹಳ್ಳಿಗಳಿಗೆ ರಸ್ತೆ ಬೇಡವೆ ಎಂದು ಕೆಣಕುತ್ತಾರೆ. ಇಲ್ಲಿ ಎರಡು ವಿಷಯಗಳನ್ನು ಕಲಸುತ್ತಿದ್ದಾರೆ. ಎಳನೀರಿನಂಥ ಘಟ್ಟದ ಅಂಚಿನ ಊರಿನಲ್ಲಿ ಬಾಣಂತಿಯನ್ನೋ ರೋಗಿಯನ್ನೋ ಆಸ್ಪತ್ರೆಗೆ ಸಾಗಿಸಲು ದಾರಿಯಿಲ್ಲದಿದ್ದರೆ ಅದು ನಾಡಿಗೆ ನಾಚಿಕೆ; ಆ ದಾರಿಯನ್ನು ಮಾಡಿಕೊಡತಕ್ಕದ್ದೇ. ಬದುಕುವವರಿಗೆ ಬೇಕಾದ ರಸ್ತೆಯನ್ನು ಕಾಡಿನ ಹೆಸರಿನಲ್ಲಿ ತಡೆದು, ನೋಡುವವರಿಗೆ ಬೇಕಾದ ರಸ್ತೆಯನ್ನು ಪ್ರವಾಸದ ಹೆಸರಿನಲ್ಲಿ ಕೊಡುವುದೇ ನಾವು ಖಂಡಿಸುವ ನೀತಿ.

ಕೊನೆಯದಾಗಿ ಸ್ವಿಟ್ಜರ್ಲೆಂಡಿನ ಹೆಸರನ್ನು ತರುತ್ತಾರೆ. ಅಲ್ಲಿ ಬೆಟ್ಟಬೆಟ್ಟಕ್ಕೂ ಹಗ್ಗದ ದಾರಿಯಿಲ್ಲವೆ, ರೈಲಿಲ್ಲವೆ ಎಂದು ಕೇಳುತ್ತಾರೆ. ಉಂಟು. ಆದರೆ ಆ ದೇಶದ ಜನರು ೧೯೭೯ರಲ್ಲಿ ಮತ ಹಾಕಿ ಕಾಲುದಾರಿಗಳ ರಕ್ಷಣೆಯನ್ನು ತಮ್ಮ ರಾಜ್ಯಾಂಗದಲ್ಲಿಯೇ ಬರೆದುಕೊಂಡರೆಂಬುದನ್ನು ಇವರು ಹೇಳುವುದಿಲ್ಲ. ೧೯೮೫ರ ಕಾನೂನು ಅಲ್ಲಿ ಕಾಲುದಾರಿಗಳ ಯೋಜನೆಯನ್ನು ಕಡ್ಡಾಯ ಮಾಡಿತು; ನಕ್ಷೆಯಲ್ಲಿ ಸೇರಿದ ದಾರ���ಯೊಂದನ್ನು ಅಳಿಸಬೇಕಾದರೆ ತಕ್ಕ ಬದಲಿ ದಾರಿಯನ್ನು ಕೊಡಬೇಕೆಂದು ವಿಧಿಸಿತು. ೨೦೧೮ರಲ್ಲಿ ಅದೇ ಜನರು ಬೈಸಿಕಲ್ಲಿನ ದಾರಿಗಳನ್ನೂ ರಾಜ್ಯಾಂಗದ ಆಶ್ರಯಕ್ಕೆ ತಂದರು. ಆ ಪುಟ್ಟ ದೇಶದಲ್ಲಿ ಗುರುತು ಹಾಕಿದ ಕಾಲುದಾರಿಯ ಉದ್ದ ೬೫,೦೦೦ ಕಿಲೋಮೀಟರು. ಹಳದಿಯ ಕೈಗಂಬಗಳಲ್ಲಿ ಮುಂದಿನ ಎಡೆಗೆ ನಡೆಯಲು ಎಷ್ಟು ಹೊತ್ತು ಬೇಕೆಂಬುದನ್ನು ಬರೆದಿರುತ್ತಾರೆ. ಏರುದಾರಿಯಲ್ಲಿ ದೂರಕ್ಕಿಂತ ಹೊತ್ತೇ ಮುಖ್ಯವೆಂಬುದು ನಡೆದವರಿಗೆ ಗೊತ್ತು. ಇಂಗ್ಲೆಂಡಿನಲ್ಲಿಯೂ ೧೯೩೨ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲಿಗೆ, ಭೂಮಾಲೀಕರ ತಡೆಯನ್ನು ಮೀರಿ, ಸಾಮಾನ್ಯ ಕೆಲಸಗಾರರು ಗುಂಪಾಗಿ ನಡೆದು ಸೆರೆಮನೆಗೂ ಹೋದರು. ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳಿಗೂ ಬಯಲುನಾಡಿನ ಪ್ರವೇಶಕ್ಕೂ ಸಂಬಂಧಿಸಿದ ಶಾಸನವು ಬಂದಿತು. ಪರದೇಶದಿಂದ ಹಗ್ಗವನ್ನು ಮಾತ್ರ ತಂದು ಹಕ್ಕನ್ನು ಅಲ್ಲಿಯೇ ಬಿಟ್ಟುಬರುವ ನಮ್ಮವರ ಆಯ್ಕೆಯ ಜಾಣತನವನ್ನು ಏನೆಂದು ಹೊಗಳೋಣ!

ಹಾಗಾದರೆ ಮಾಡತಕ್ಕದ್ದೇನು? ಖಂಡನೆಯನ್ನು ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮುಳ್ಳಯ್ಯನಗಿರಿಗೆ ಖಾಸಗಿ ಗಾಡಿಗಳು ಸೀತಾಳಯ್ಯನಗಿರಿಯಲ್ಲಿಯೇ ನಿಲ್ಲಲಿ; ಮುಂದಿನ ದಾರಿ ನಡೆಯುವವರದೂ ಬೈಸಿಕಲ್ಲಿನವರದೂ ಆಗಲಿ. ಚಾರಣದ ಚೀಟಿಯನ್ನು ಗಣಕಯಂತ್ರವಿಲ್ಲದ ಹಳ್ಳಿಯವನಿಗೂ ಶಾಲೆಯ ಹುಡುಗರಿಗೂ ಬುಡದ ಠಾಣೆಯಲ್ಲಿಯೇ ಕೊಡುವ ಏರ್ಪಾಡಿರಲಿ. ಸ್ಥಳೀಯರಿಗೆಂದು ಮಿತಿಯಲ್ಲಿ ಒಂದು ಪಾಲನ್ನು ತೆಗೆದಿಡಲಿ. ಬಂಡಾಜೆ ಅಬ್ಬಿಯ ಮೇಲಿಂದ ಬಲ್ಲಾಳರಾಯನ ದುರ್ಗಕ್ಕೆ ಬರುವ ದಾರಿಯಂಥ ಹಳೆಯ ಜಾಡುಗಳನ್ನು ಅಳೆದು, ನಕ್ಷೆ ಬರೆದು, ಹೆಸರುಗಳನ್ನೂ ನಡೆಯುವ ಹೊತ್ತನ್ನೂ ಕನ್ನಡದಲ್ಲಿ ಬರೆದ ಕೈಗಂಬಗಳನ್ನು ನೆಡಲಿ. ಆಗುಂಬೆ, ಚಾರ್ಮಾಡಿಗಳಂಥ ಘಟ್ಟಗಳಲ್ಲಿ ಮಳೆಗಾಲವಲ್ಲದ ತಿಂಗಳುಗಳಲ್ಲಿ ಒಂದು ಭಾನುವಾರದ ಮುಂಜಾನೆಯನ್ನು ಬೈಸಿಕಲ್ಲಿನವರಿಗೂ ಪಾದಚಾರಿಗಳಿಗೂ ಬಿಟ್ಟುಕೊಡಲಿ. ಮಳೆಗಾಲದಲ್ಲಿ ದಿನಗಟ್ಟಲೆ ದಾರಿ ಮುಚ್ಚಿದರೂ ಸಹಿಸಿಕೊಳ್ಳುವ ನಾಡು ಮೂರು ಗಂಟೆಗಳನ್ನು ಸಹಿಸಲಾರದೆ? ಇಷ್ಟನ್ನೂ ಮಾಡಿ ನೋಡುವವರೆಗೆ ಹಗ್ಗದ ದಾರಿಯ ಮಾತನ್ನು ಎತ್ತದಿರಲಿ.

ಸರ್ಕಾರಕ್ಕೆ ಹೇಳಿದಷ್ಟನ್ನೇ ನಮ್ಮ ಸಂಘಕ್ಕೂ ಹೇಳಬೇಕು. ಜಿಲ್ಲೆಯ ಸಾಹಿತ್ಯವನ್ನು ಬೆಳೆಸುವೆವೆಂದು ಹೊರಟಿರುವ ನಾವು ಸಭಾಂಗಣದಲ್ಲಿ ಕುಳಿತು ಸಹ್ಯಾದ್ರಿಯ ಮೇಲೆ ಭಾಷಣಗಳನ್ನು ಏರ್ಪಡಿಸುತ್ತೇವೆ. ವರ್ಷಕ್ಕೆ ನಾಲ್ಕು ಭಾಷಣಗಳನ್ನು ಕಡಿಮೆ ಮಾಡಿ ನಾಲ್ಕು ಜಾಡುಗಳನ್ನು ನಡೆಯೋಣ. ಪ್ರತಿಯೊಂದು ಕಂಡಿಗೂ ಏಣಿಗೂ ಒಸರಿಗೂ ಬುಡದ ಊರಿನ ಮುದುಕರು ಇಟ್ಟುಕೊಂಡಿರುವ ಹೆಸರುಗಳನ್ನು ಅವರ ಬಾಯಿಂದ ಕೇಳಿ ಬರೆದುಕೊಂಡು ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಹೆಸರಿರುವ ಎಡೆಯನ್ನು ಅಗೆಯಲು ಬಂದವನು ಉತ್ತರ ಹೇಳಬೇಕಾಗುತ್ತದೆ. ಹೆಸರಿಲ್ಲದ ಎಡೆಯು ಸರ್ವೆ ನಂಬರು ಮಾತ್ರ. ಆ ಹೆಸರುಗಳನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೆಟ್ಟವು ನಮಗಾಗಿ ಕಾದೀತು; ಅವರು ಕಾಯಲಾರರು. ಬರುವ ಬೇಸಿಗೆಯೊಳಗಾಗಿ ಮೊದಲನೆಯ ಜಾಡನ್ನು ಹಿಡಿಯತಕ್ಕದ್ದು.